ಚಾರ್ಟಿನಲ್ಲಿ 8 ಗಂಟೆ, ಬಾಯಿಗೆ ಒಂಬತ್ತೂವರೆ

ಮೊದಲು ಬಂದ ದೂರು ನೋವಿನ ಬಗ್ಗೆ ಅಲ್ಲ, ಗಲಾಟೆಯ ಬಗ್ಗೆ. ಹಿರಿಯರ ಆರೈಕೆ ಕೇಂದ್ರವೊಂದರ 14ನೇ ಕೋಣೆಯ ಅಜ್ಜಿ ಬೆಳಗ್ಗೆ ಮೈ ತೊಳೆಸಲು ಹೋದವರಿಗೆ ಹೊಡೆಯುತ್ತಾರೆ, ಪರಚುತ್ತಾರೆ, ಪಕ್ಕದ ಕೋಣೆಯವರು ಎದ್ದು ಕೂರುವ ಹಾಗೆ ಕಿರುಚುತ್ತಾರೆ. ನಾಲ್ಕು ಜನ ಹಿಡಿದುಕೊಳ್ಳಬೇಕು. ಮಂಪರು ಬರಿಸುವ ಮಾತ್ರೆ ಶುರುವಾಗಿತ್ತು. ಅದು ಸಾಲದು, ಇನ್ನೂ ಜಾಸ್ತಿ ಮಾಡಬೇಕು ಎಂಬ ಮಾತು ನಡೆದಿತ್ತು.

ನಾನು ನೋವು ಶಮನದ ತಂಡದ ನರ್ಸ್. ಅಜ್ಜಿಯ ಮಗಳು ಒತ್ತಾಯಿಸಿದ್ದರಿಂದ ಕೇಂದ್ರದವರು ನನ್ನನ್ನು ಕರೆಸಿದರು. ಮಗಳ ಮಾತು ಒಂದೇ: "ಸಿಸ್ಟರ್, ಮಧ್ಯಾಹ್ನ ನಾನು ಬಂದಾಗ ಅಮ್ಮ ಚೆನ್ನಾಗಿರ್ತಾರೆ. ನನ್ನ ಕೈ ಹಿಡಿದು ಕೂತಿರ್ತಾರೆ. ಇವರು ಹೇಳುವ ಅಮ್ಮ ಯಾರು ಅಂತ ನನಗೆ ಗೊತ್ತಾಗ್ತಿಲ್ಲ." ಆ ಮಾತು ನನ್ನ ಕಿವಿಗೆ ಬೇರೆ ಥರ ಬಿತ್ತು. ಮಧ್ಯಾಹ್ನ ಚೆನ್ನಾಗಿದ್ದು ಬೆಳಗ್ಗೆ ಕೆಡುವವರನ್ನು ಕಂಡರೆ ನಾನು ಮೊದಲು ಕೇಳುವುದು ಔಷಧದ ಹೊತ್ತನ್ನು. ಅವರ ಸ್ವಭಾವದ ಬಗ್ಗೆ ಆಮೇಲೆ ಕೇಳುತ್ತೇನೆ.

ಗುರುತು ಸಿಗಬಾರದೆಂದು ಒಂದೆರಡು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಅಜ್ಜಿಗೆ 82 ವರ್ಷ, ತೂಕ 44 ಕೆ.ಜಿ. ಸ್ತನದ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ಜೊತೆಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಮಾತು ಇತ್ತು, ಆದರೆ ಕೇಳಿದ್ದಕ್ಕೆ ಹೊಂದುವ ಮಾತು ಕಡಿಮೆ. ಆಸ್ಪತ್ರೆಯ ನೋವಿನ ವಿಭಾಗದಿಂದ ಬಂದ ಪತ್ರದಲ್ಲಿ ಹೀಗಿತ್ತು: ಮಾರ್ಫಿನ್ 5 ಮಿ.ಗ್ರಾಂ, 4 ಗಂಟೆಗೊಮ್ಮೆ. ನಡುರಾತ್ರಿ ಎಬ್ಬಿಸುವ ಬದಲು ಮಲಗುವಾಗ ಎರಡು ಪಾಲು ಒಟ್ಟಿಗೆ, ಅಂದರೆ 10 ಮಿ.ಗ್ರಾಂ, ನಡುವೆ ನೋವು ಎದ್ದರೆ ಹೆಚ್ಚುವರಿ 5, ಪ್ಯಾರಾಸಿಟಮಾಲ್, ಮಲಬದ್ಧತೆ ಆಗದಂತೆ ದಿನವೂ ಒಂದು ಔಷಧ. ಒಳ್ಳೆಯ ಪತ್ರವೇ. ಒಂದೇ ಕೊರತೆ: ಯಾವ ಗಂಟೆಗೆ ಎಂದು ಬರೆದಿರಲಿಲ್ಲ.

ಮೂರು ಬೆಳಗು, ಒಂದು ಗಡಿಯಾರ

ಮೊದಲ ದಿನ ಚಾರ್ಟ್ ನೋಡಿದೆ. ಚೊಕ್ಕವಾಗಿತ್ತು. ಬೆಳಗ್ಗೆ 8, ಮಧ್ಯಾಹ್ನ 12, ಸಂಜೆ 4, ರಾತ್ರಿ 8. ನಾಲ್ಕೂ ಚೌಕದಲ್ಲಿ ಹೆಚ್ಚುಕಡಿಮೆ ದಿನವೂ ಸಹಿ.

ನೋಡಿದವರಿಗೆ 4 ಗಂಟೆಗೊಮ್ಮೆ ಕೊಟ್ಟ ಹಾಗೇ ಕಾಣುತ್ತದೆ, ಅಲ್ವಾ? ನನಗೂ ಒಂದು ಕ್ಷಣ ಹಾಗೇ ಕಂಡಿತು. ಆಮೇಲೆ ಬೆರಳು ಮಡಚಿ ಎಣಿಸಿದೆ. ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ 12 ಗಂಟೆ ಏನೂ ಇಲ್ಲ. ಬೇಗ ಕೆಲಸ ಮಾಡುವ ಮಾರ್ಫಿನ್‌ನ ಪರಿಣಾಮ ಸುಮಾರು 4 ಗಂಟೆ ಇರುತ್ತದೆ. ಮಲಗುವಾಗಿನ ಎರಡು ಪಾಲು ಎಲ್ಲಿ ಹೋಯಿತು? ಪತ್ರದಿಂದ ಚಾರ್ಟಿಗೆ ಇಳಿಸುವಾಗ ಬಿಟ್ಟುಹೋಗಿತ್ತು. ಕೇಂದ್ರದಲ್ಲಿ ಔಷಧದ ಟ್ರಾಲಿ ದಿನಕ್ಕೆ ನಾಲ್ಕು ಸಲ ಹೊರಡುತ್ತದೆ. ವೈದ್ಯರು ಹೇಳಿದ ಆರು ಪಾಲನ್ನು ಟ್ರಾಲಿಯ ನಾಲ್ಕು ಸುತ್ತಿಗೆ ಕತ್ತರಿಸಿ ಹೊಂದಿಸಿದ್ದರು. ದಿನಕ್ಕೆ 30 ಮಿ.ಗ್ರಾಂ ಆಗಬೇಕಿದ್ದದ್ದು ಕಾಗದದ ಮೇಲೆಯೇ 20 ಆಗಿತ್ತು.

ಸಮಸ್ಯೆ ಸಿಕ್ಕಿತು ಎಂದು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಚಾರ್ಟ್ ಅಷ್ಟು ಚೊಕ್ಕವಾಗಿದ್ದದ್ದೇ ನನಗೆ ಕಿರಿಕಿರಿ. 28 ಜನರಿಗೆ ಒಬ್ಬರು ಔಷಧ ಕೊಡುವ ಜಾಗದಲ್ಲಿ ಎಲ್ಲರಿಗೂ ಸರಿಯಾಗಿ 8 ಗಂಟೆಗೆ ಕೊಡಲು ಹೇಗೆ ಸಾಧ್ಯ?

ಹಾಗಾಗಿ ಮೂರು ದಿನ ಬೆಳಗಿನಿಂದ ರಾತ್ರಿಯವರೆಗೆ 14ನೇ ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಔಷಧ ಅಜ್ಜಿಯ ಬಾಯಿಗೆ ಹೋದ ನಿಮಿಷವನ್ನು ಸುಮ್ನೆ ಬರೆದುಕೊಂಡೆ. ಬೆಳಗಿನ ಪಾಲು ಬಂದದ್ದು 9:25ಕ್ಕೆ, 9:40ಕ್ಕೆ, 9:32ಕ್ಕೆ. ಟ್ರಾಲಿ 1ನೇ ಕೋಣೆಯಿಂದ ಹೊರಟು ಕೊನೆಗೆ 14ಕ್ಕೆ ಬರುತ್ತದೆ. ಒಬ್ಬೊಬ್ಬರಿಗೆ ಮೂರೂವರೆ ನಿಮಿಷ ಹಿಡಿದರೂ 28 ಜನರಿಗೆ ಒಂದೂವರೆ ಗಂಟೆ ದಾಟುತ್ತದೆ. ಮಧ್ಯಾಹ್ನದ್ದು ಒಂದರ ಹತ್ತಿರ. ಸಂಜೆಯದ್ದು ಮಾತ್ರ ಮೂರು ದಿನವೂ 4:15ರೊಳಗೆ! ಸಂಜೆಯ ಸಿಸ್ಟರ್ ಟ್ರಾಲಿಯನ್ನು 14ರ ಕಡೆಯಿಂದ ಶುರು ಮಾಡುತ್ತಿದ್ದರು, ಲಿಫ್ಟ್ ಅಲ್ಲಿರುವುದರಿಂದ. ರಾತ್ರಿ 8ರದ್ದನ್ನೂ ಅವರೇ ಏಳೂವರೆಗೆ ಕೊಟ್ಟು ಮುಗಿಸುತ್ತಿದ್ದರು. ಡ್ಯೂಟಿ ಬದಲಾಗುವ ಮೊದಲು ಟ್ರಾಲಿ ಖಾಲಿಯಾಗಬೇಕಲ್ಲ.

ರಾತ್ರಿ ಏಳೂವರೆಯಿಂದ ಬೆಳಗ್ಗೆ ಒಂಬತ್ತೂವರೆ. 14 ಗಂಟೆ. ಅದರಲ್ಲಿ ಮೊದಲ ನಾಲ್ಕು ಗಂಟೆ ಬಿಟ್ಟರೆ ಉಳಿದ ಹತ್ತು ಗಂಟೆ ಅಜ್ಜಿ ಬೆನ್ನುಮೂಳೆಯ ಕ್ಯಾನ್ಸರ್ ಜೊತೆ ಹೆಚ್ಚುಕಡಿಮೆ ಬರಿಗೈಯಲ್ಲಿ ಮಲಗಿರುತ್ತಿದ್ದರು. ಇನ್ನು ಮೈ ತೊಳೆಸುವ ಹೊತ್ತು? ಬೆಳಗ್ಗೆ ಆರೂವರೆ. ಅಷ್ಟರಲ್ಲೇ ಏಳು ಗಂಟೆ ಕಾದ ಬೆನ್ನನ್ನು ಇಬ್ಬರು ಎತ್ತಿ, ಪಕ್ಕಕ್ಕೆ ಹೊರಳಿಸಿ, ಕೂರಿಸಿ, ತೋಳು ಎತ್ತಿ ಬಟ್ಟೆ ಬದಲಿಸುತ್ತಿದ್ದರು. ನಾನಾದರೂ ಹೊಡೆಯುತ್ತಿದ್ದೆ.

ಮೂರೂ ದಿನ ಚಾರ್ಟಿನಲ್ಲಿ 8:00ರ ಚೌಕಕ್ಕೆ ಸಹಿ ಬಿದ್ದಿತ್ತು.

ಬೆಳಗಿನ ಸಿಸ್ಟರ್‌ಗೆ ನನ್ನ ಚೀಟಿ ತೋರಿಸಿದೆ. ಕೋಪ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿ ಎಳೆದುಕೊಂಡು ಕೂತರು. "ಮೇಡಂ, 8:00 ಅಂತ ಅಚ್ಚು ಹಾಕಿಸಿಯೇ ಹಾಳೆ ಬರೋದು. ನಾನು ಅದರ ಕೆಳಗೆ ಸಹಿ ಹಾಕ್ತೀನಿ. ಒಂಬತ್ತೂವರೆ ಅಂತ ಬರೆಯೋಕೆ ಜಾಗ ಎಲ್ಲಿದೆ ತೋರಿಸಿ." ನೋಡಿದೆ. ನಿಜಕ್ಕೂ ಇರಲಿಲ್ಲ. ಚೌಕ ಎಷ್ಟು ಚಿಕ್ಕದೆಂದರೆ ಎರಡಕ್ಷರದ ಸಹಿಯೇ ಹೊರಗೆ ಚಾಚುತ್ತಿತ್ತು. ಅವರು ಸುಳ್ಳು ಬರೆದರು ಎನ್ನುವುದು ಸುಲಭ. ನಿಜ ಬರೆಯಲು ಆ ಹಾಳೆ ಜಾಗವನ್ನೇ ಬಿಟ್ಟಿರಲಿಲ್ಲ.

ಒಂದೇ ಕಪಾಟಿನಲ್ಲಿ ಎರಡು ಲೆಕ್ಕ

ಮಾರ್ಫಿನ್ ಬೀಗದ ಕಪಾಟಿನಲ್ಲಿರುತ್ತದೆ. ಪ್ರತಿ ಮಾತ್ರೆ ತೆಗೆದಾಗಲೂ ರಿಜಿಸ್ಟರಿನಲ್ಲಿ ದಿನ, ಗಂಟೆ, ಉಳಿದ ಎಣಿಕೆ ಮತ್ತು ಇಬ್ಬರ ಸಹಿ ಬೇಕು. ಈ ರಿಜಿಸ್ಟರಿನಲ್ಲಿ ಗಂಟೆ ಅಚ್ಚಾಗಿರುವುದಿಲ್ಲ, ಕೈಯಲ್ಲಿ ಬರೆಯಬೇಕು. ಇಬ್ಬರು ಸಹಿ ಹಾಕುವಾಗ ಸುಳ್ಳು ಗಂಟೆ ಬರೆಯುವುದು ಕಷ್ಟ. ಈ ವಿಷಯ ನನಗೆ ಮೊದಲ ದಿನವೇ ಹೊಳೆಯಬೇಕಿತ್ತು, ಮೂರನೇ ದಿನ ಹೊಳೆಯಿತು. ಚಾರ್ಟನ್ನೂ ರಿಜಿಸ್ಟರನ್ನೂ ಪಕ್ಕಪಕ್ಕ ಇಟ್ಟು ಹಿಂದಿನ 14 ದಿನ ಓದಿದೆ. ಚಾರ್ಟಿನಲ್ಲಿ 8:00 ಇರುವ ಕಡೆಯೆಲ್ಲ ರಿಜಿಸ್ಟರಿನಲ್ಲಿ 9:20, 9:35, 9:50. ಎರಡೂ ಒಂದೇ ಕಪಾಟಿನ ಒಂದೇ ಹಲಗೆಯ ಮೇಲಿದ್ದವು. ಒಟ್ಟಿಗೆ ತೆರೆದವರು ಯಾರೂ ಇಲ್ಲ. ರಿಜಿಸ್ಟರ್ ನೋಡುವವರು ಮಾತ್ರೆ ಕಳುವಾಗಿದೆಯೇ ಎಂದು ಮಾತ್ರ ನೋಡುತ್ತಾರೆ, ಎಣಿಕೆ ಸರಿಯಿದ್ದರೆ ಮುಚ್ಚಿಡುತ್ತಾರೆ.

ಎಣಿಕೆಯಲ್ಲಿ ಇನ್ನೂ ಒಂದು ಸಿಕ್ಕಿತು. ಕೇಂದ್ರದ ಲೆಕ್ಕದಲ್ಲೇ 14 ದಿನಕ್ಕೆ 56 ಪಾಲು ಆಗಬೇಕು. ಕಪಾಟಿನಿಂದ ಹೊರಬಂದದ್ದು 51. ಒಂದು ಸಲ "ನಿದ್ದೆಯಲ್ಲಿದ್ದರು" ಎಂದು ಬಿಟ್ಟಿದ್ದರು. ಉಳಿದ ನಾಲ್ಕೂ ಒಂದೇ ಭಾನುವಾರದ್ದು. ಮಾತ್ರೆ ಶನಿವಾರ ರಾತ್ರಿಯೇ ಮುಗಿದಿತ್ತು. ಮಾರ್ಫಿನ್‌ಗೆ ಹೊಸ ಚೀಟಿ ಬೇಕು, ಚೀಟಿ ಬರೆಯುವ ವೈದ್ಯರು ಸೋಮವಾರ ಬರುತ್ತಾರೆ. ಇಡೀ ಒಂದು ದಿನ ಒಂದು ಮಾತ್ರೆಯೂ ಇಲ್ಲ. ಆ ಭಾನುವಾರದ ನರ್ಸಿಂಗ್ ಟಿಪ್ಪಣಿ: "ರೋಗಿ ಇಡೀ ದಿನ ಸಿಡುಕು. ಊಟ ನಿರಾಕರಣೆ."

ಪತ್ರದ ಪ್ರಕಾರ ಆ 14 ದಿನದಲ್ಲಿ ಅಜ್ಜಿಗೆ 420 ಮಿ.ಗ್ರಾಂ ಸಲ್ಲಬೇಕಿತ್ತು. ಸಂದದ್ದು 255. ನೂರಕ್ಕೆ 60 ಎನ್ನಿ.

ಎಲ್ಲಕ್ಕಿಂತ ನನ್ನನ್ನು ಬೆಚ್ಚಿಸಿದ್ದು ಇನ್ನೊಂದು ವಿಷಯ. "5 ಮಿ.ಗ್ರಾಂ ಸಾಲುತ್ತಿಲ್ಲ" ಎಂದು ಕೇಂದ್ರದವರು ಹೇಳಿದ್ದರಿಂದ, ಅದನ್ನು 10ಕ್ಕೆ ಏರಿಸುವ ಚೀಟಿ ಸಿದ್ಧವಾಗುತ್ತಿತ್ತು. ವೈದ್ಯರ ಕಣ್ಣಿನಿಂದ ನೋಡಿದರೆ ಅದು ಸರಿಯೇ: ದಿನಕ್ಕೆ 30 ಕೊಟ್ಟರೂ ನೋವು ಇಳಿಯುತ್ತಿಲ್ಲ, ಹಾಗಾದರೆ ಏರಿಸೋಣ. ಆದರೆ ಅಜ್ಜಿಯ ಮೈ ಕಂಡಿದ್ದು 18ರ ಆಸುಪಾಸು. ಚೀಟಿ ಏರಿದ ಮೇಲೆ ಶಿಸ್ತಿನ ಹೊಸ ಸಿಸ್ಟರ್ ಒಬ್ಬರು ಬಂದು ಆರೂ ಪಾಲನ್ನು ಸರಿಯಾಗಿ ಕೊಟ್ಟಿದ್ದರೆ? 18ರಿಂದ ಒಮ್ಮೆಲೇ 60. 44 ಕೆ.ಜಿ.ಯ 82 ವರ್ಷದ ದೇಹಕ್ಕೆ, ಜೊತೆಗೆ ಮಂಪರಿನ ಮಾತ್ರೆ ಬೇರೆ. ಉಸಿರಾಟವೇ ಇಳಿದುಹೋಗುವ ಅಪಾಯ. ಔಷಧ ತಪ್ಪಿಸಿದರೆ ನೋವು ಎಂದಷ್ಟೇ ನಾವು ಯೋಚಿಸುತ್ತೇವೆ. ತಪ್ಪಿಸಿದ್ದನ್ನು ಬರೆಯದೆ ಹೋದರೆ ಮುಂದಿನ ಚೀಟಿಯೇ ತಪ್ಪಾಗುತ್ತದೆ. ಅವತ್ತೇ ವೈದ್ಯರಿಗೆ ಫೋನ್ ಮಾಡಿ, ಏರಿಸುವುದನ್ನು ನಿಲ್ಲಿಸಿ, ಮೊದಲು ಬರೆದದ್ದನ್ನು ಕೊಟ್ಟು ನೋಡೋಣ ಎಂದೆ. ಎರಡೂ ಪುಸ್ತಕದ ಫೋಟೋ ಕಳಿಸಿದೆ. ಅವರು ಐದು ನಿಮಿಷದಲ್ಲಿ ವಾಪಸ್ ಫೋನ್ ಮಾಡಿದರು. ದನಿ ಬದಲಾಗಿತ್ತು.

"ನೋವಿದೆಯಾ ಅಜ್ಜಿ?" "ಇಲ್ಲಮ್ಮ"

ಹೆಚ್ಚುವರಿ 5 ಮಿ.ಗ್ರಾಂ ಅನ್ನು ಆ 14 ದಿನದಲ್ಲಿ ಎಷ್ಟು ಸಲ ಕೊಟ್ಟಿದ್ದರು? ಒಂದು ಸಲವೂ ಇಲ್ಲ. ಚಾರ್ಟಿನಲ್ಲಿ ಅದರ ಮುಂದೆ "ಬೇಕೆಂದರೆ" ಎಂದು ಬರೆದಿತ್ತು. ಬೇಕು ಎಂದು ಕೇಳಬೇಕಾದವರು ಯಾರು? ಊಟ ಆಯಿತಾ ಎಂದರೂ "ಇಲ್ಲಮ್ಮ", ಚಳಿಯಾ ಎಂದರೂ "ಇಲ್ಲಮ್ಮ" ಎನ್ನುವ ಅಜ್ಜಿ. ಸಿಸ್ಟರ್ ದಿನವೂ ಕೇಳುತ್ತಿದ್ದರು, ಅದು ನಿಜ. ಟಿಪ್ಪಣಿಯಲ್ಲಿ ದಿನವೂ "ನೋವಿಲ್ಲ ಎನ್ನುತ್ತಾರೆ" ಎಂದಿತ್ತು.

ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ, ಹೇಳಲಾಗದವರಿಗೆ ನೋವಿಲ್ಲ ಎಂದು ತಿಳಿಯಬೇಡಿ ಎಂಬ ಅರ್ಥದ ಟಿಪ್ಪಣಿಯನ್ನೂ ಅದರ ಜೊತೆಗೇ ಇಟ್ಟಿತು. ಡಿಮೆನ್ಷಿಯಾ ಇರುವವರಿಗೆಂದೇ ನೋಡಿ ಅಳೆಯುವ ಪಟ್ಟಿಗಳಿವೆ. ನಾನು ಬಳಸುವುದು 2003ರಲ್ಲಿ ಬಂದ ಪೇನ್‌ಆಡ್. ಐದು ಸಂಗತಿ ನೋಡಬೇಕು: ಉಸಿರು, ನರಳಾಟ, ಮುಖ, ಮೈಯ ಬಿಗಿತ, ಸಮಾಧಾನ ಮಾಡಿದರೆ ಆಗುತ್ತಾರೋ ಇಲ್ಲವೋ. ಒಂದೊಂದಕ್ಕೆ 0ಯಿಂದ 2, ಒಟ್ಟು 10. ಐದು ನಿಮಿಷ ಸಾಕು. ಬೆಳಗ್ಗೆ ಆರೂವರೆಗೆ, ಮೈ ತೊಳೆಸುವಾಗ, ಅಜ್ಜಿಗೆ 7 ಬಂತು. ಅದೇ ದಿನ 11 ಗಂಟೆಗೆ 1. ಮಗಳು ಕಂಡ ಅಮ್ಮ 11 ಗಂಟೆಯವರು. ಆಯಾಗಳು ಕಂಡವರು ಆರೂವರೆಯವರು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು.

ಇಲ್ಲಿ ನಾರ್ವೆಯ ಒಂದು ಅಧ್ಯಯನ ನೆನಪಾಗುತ್ತದೆ. 18 ಆರೈಕೆ ಕೇಂದ್ರಗಳ, ಡಿಮೆನ್ಷಿಯಾ ಮತ್ತು ಗಲಾಟೆಯ ವರ್ತನೆ ಎರಡೂ ಇದ್ದ 352 ಜನರನ್ನು ನೋಡಿ 2011ರಲ್ಲಿ ಪ್ರಕಟಿಸಿದ್ದು. ಒಂದು ಗುಂಪಿಗೆ 8 ವಾರ ನೋವಿನ ಔಷಧವನ್ನು ಮೆಟ್ಟಿಲು ಮೆಟ್ಟಿಲಾಗಿ, ಕ್ರಮವಾಗಿ ಕೊಟ್ಟರು. ಬಹಳ ಜನಕ್ಕೆ ಕೊಟ್ಟದ್ದು ಬರೀ ಪ್ಯಾರಾಸಿಟಮಾಲ್. ಆ ಗುಂಪಿನ ಗಲಾಟೆ ಸರಾಸರಿ ಶೇ. 17ರಷ್ಟು ಇಳಿಯಿತು. ಮಂಪರಿನ ಚೀಟಿ ಬರೆಯುವ ಮೊದಲು ಇದನ್ನು ನೆನಪಿಸಿಕೊಳ್ಳುವವರು ಇನ್ನೂ ಕಡಿಮೆ.

ಏನು ಬದಲಿಸಿದೆವು

ಮೊದಲು ಸಲಹೆಗಳ ಮಳೆ ಬಂತು. 12 ಗಂಟೆ ಕೆಲಸ ಮಾಡುವ ಮಾತ್ರೆ ಕೊಟ್ಟರೆ ಎರಡೇ ಸಲ ಸಾಕಲ್ಲ ಎಂದರು ಮ್ಯಾನೇಜರ್. ಕೇಳಲು ಚಂದ. ಆದರೆ ಅಜ್ಜಿ ಮಾತ್ರೆಯನ್ನು ಕೆನ್ನೆಯಲ್ಲಿ ಇಟ್ಟುಕೊಂಡುಬಿಡುತ್ತಿದ್ದರಿಂದ ಇಲ್ಲಿ ಎಲ್ಲವನ್ನೂ ಪುಡಿ ಮಾಡಿಯೇ ಕೊಡುತ್ತಿದ್ದರು. ನಿಧಾನಕ್ಕೆ ಬಿಡುವ ಮಾತ್ರೆಯನ್ನು ಪುಡಿ ಮಾಡಿದರೆ 12 ಗಂಟೆಯ ಮಾರ್ಫಿನ್ ಒಮ್ಮೆಲೇ ಮೈಗೆ ಹೋಗುತ್ತದೆ. ಬೇಡವೇ ಬೇಡ ಎಂದೆ. ಫೆಂಟನಿಲ್ ಎಂಬ ನೋವಿನ ಔಷಧದ ಪಟ್ಟಿಯನ್ನು ಚರ್ಮಕ್ಕೆ ಅಂಟಿಸುವ ಮಾತೂ ಬಂತು. ಅದು 72 ಗಂಟೆ ಇರುತ್ತದೆ, ಆದರೆ ಪರಿಣಾಮ ಪೂರ್ತಿ ಏರಲು 12ರಿಂದ 24 ಗಂಟೆ ಬೇಕು, ಜಾಸ್ತಿಯಾದರೆ ಇಳಿಸುವುದೂ ತಡ. ಅಜ್ಜಿಗೆ ನಿಜಕ್ಕೂ ಎಷ್ಟು ಬೇಕು ಎಂದೇ ಗೊತ್ತಿಲ್ಲದಾಗ ಪಟ್ಟಿ ಬೇಡ ಎಂದು ವೈದ್ಯರೇ ಹೇಳಿದರು. ಮಾತ್ರೆಯ ಬದಲು ದ್ರವ ಮಾರ್ಫಿನ್ ಬಂತು. ಪಾಲು ಅದೇ 5 ಮಿ.ಗ್ರಾಂ. ಮೂತ್ರಪಿಂಡ ಸೋತಿದ್ದರೆ ಮಾರ್ಫಿನ್ ಮೈಯಲ್ಲಿ ಉಳಿದುಬಿಡುತ್ತದೆ, ಹಾಗಾಗಿ ಒಂದು ರಕ್ತ ಪರೀಕ್ಷೆ ಮಾಡಿಸಿದರು. ಸರಿಯಿತ್ತು.

ಹೊತ್ತು ನಿಗದಿ ಮಾಡುವುದೇ ದೊಡ್ಡ ಕೆಲಸವಾಯಿತು. ಬೆಳಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10ಕ್ಕೆ ಎರಡು ಪಾಲು. ಚೀಟಿಯಲ್ಲಿ "4 ಗಂಟೆಗೊಮ್ಮೆ" ಎಂದು ಬರೆಯದೆ ಈ ಐದು ಗಂಟೆಗಳನ್ನೇ ಬರೆಯುವಂತೆ ವೈದ್ಯರನ್ನು ಕೇಳಿದೆ. ಕ್ಯಾನ್ಸರ್ ನೋವಿಗೆ ಗಡಿಯಾರ ನೋಡಿ ಔಷಧ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 1986ರಲ್ಲಿ. ಆ ಮಾತು ಎಲ್ಲರಿಗೂ ಬಾಯಿಪಾಠ. ಯಾವ ಗಡಿಯಾರ, ಯಾರ ಕೈಯಲ್ಲಿ ಎಂಬಲ್ಲೇ ಎಡವುತ್ತೇವೆ.

ಅಜ್ಜಿಯ ಮಾರ್ಫಿನ್ ಅನ್ನು ಟ್ರಾಲಿಯಿಂದ ಹೊರಗೆ ತಂದೆವು. ಟ್ರಾಲಿ ಎಲ್ಲಿದ್ದರೂ ಸರಿ, ಆ ಗಂಟೆಗೆ ಅದನ್ನು ನಿಲ್ಲಿಸಿ ಬೀಗ ಹಾಕಿ 14ಕ್ಕೆ ಹೋಗಿ ಬರಬೇಕು. ಬೆಳಗಿನ ಸಿಸ್ಟರ್ ಇದಕ್ಕೆ ಒಪ್ಪಲಿಲ್ಲ. "ಹಾಗಾದ್ರೆ ಎಲ್ಲರದ್ದೂ ತಡ ಆಗುತ್ತೆ." ನ್ಯಾಯವಾದ ಮಾತು. ಅಮೆರಿಕದ ಔಷಧ ಸುರಕ್ಷತೆಯ ಸಂಸ್ಥೆ ಐಎಸ್‌ಎಂಪಿ 2011ರಲ್ಲಿ ಆಸ್ಪತ್ರೆಗಳಿಗೆ ಕೊಟ್ಟ ಮಾರ್ಗಸೂಚಿಯನ್ನು ಇಬ್ಬರೂ ಕೂತು ಓದಿದೆವು. ಹೊತ್ತು ತಪ್ಪಬಾರದ ಔಷಧಗಳನ್ನು ಬೇರೆ ಮಾಡಿ, ಅವಕ್ಕೆ ಆಚೀಚೆ 30 ನಿಮಿಷವಷ್ಟೇ ಸಡಿಲ ಬಿಡಿ ಎನ್ನುತ್ತದೆ ಅದು. ದಿನಕ್ಕೊಮ್ಮೆ ಕೊಡುವ ಔಷಧಕ್ಕಾದರೆ ಆಚೀಚೆ 2 ಗಂಟೆ ಆದರೂ ನಡೆಯುತ್ತದೆ. ಅಂದರೆ 8 ಗಂಟೆಯ ಟ್ರಾಲಿಯಲ್ಲಿ ನಿಜವಾಗಿ 8 ಗಂಟೆಗೇ ಬೇಕಾದವು ಬೆರಳೆಣಿಕೆಯಷ್ಟು. ವಿಟಮಿನ್ ಮಾತ್ರೆ ಹತ್ತಕ್ಕೆ ಹೋದರೆ ಯಾರೂ ನರಳುವುದಿಲ್ಲ. ಸಿಸ್ಟರ್ ತಾವೇ ಪೆನ್ಸಿಲ್ ಹಿಡಿದು 11 ಜನರ ದಿನಕ್ಕೊಂದರ ಮಾತ್ರೆಗಳನ್ನು ಬೆಳಗಿನಿಂದ ಮಧ್ಯಾಹ್ನದ ಟ್ರಾಲಿಗೆ ಹಾಕಬಹುದೆಂದು ಗುರುತು ಮಾಡಿದರು. ವೈದ್ಯರು ಒಪ್ಪಿದರು. ಬೆಳಗಿನ ಟ್ರಾಲಿ ಅರ್ಧ ಗಂಟೆ ಹಗುರವಾಯಿತು. ಇಡೀ ಪ್ರಕರಣದಲ್ಲಿ ಅತಿ ಉಪಯೋಗದ ಕೆಲಸ ಇದೇ, ಮಾಡಿದ್ದು ನಾನಲ್ಲ.

ಬೆಳಗಿನ 6ರ ಪಾಲಿಗೆ ಇನ್ನೊಂದು ಗಂಟು. ರಾತ್ರಿಯ ಸಿಸ್ಟರ್ ಬಳಿ ಕೀಲಿ ಇತ್ತು, ಎರಡನೇ ಸಹಿಗೆ ಜನ ಇರಲಿಲ್ಲ. ಹಿರಿಯ ಆಯಾ ಒಬ್ಬರಿಗೆ ಸಾಕ್ಷಿ ಸಹಿ ಹಾಕುವ ತರಬೇತಿ ಕೊಟ್ಟು, ಕೇಂದ್ರದ ನಿಯಮದಲ್ಲಿ ಅದನ್ನು ಬರೆಸಿದೆವು. ಮೈ ತೊಳೆಸುವುದನ್ನು ಆರೂವರೆಯಿಂದ ಏಳಕ್ಕೆ ತಳ್ಳಿದೆವು. ಬಾಯಿಂದ ಕೊಟ್ಟ ಮಾರ್ಫಿನ್ ಅರ್ಧ ಗಂಟೆಗೆ ಹಿಡಿಯಲು ಶುರುವಾಗಿ ಸುಮಾರು ಒಂದು ಗಂಟೆಗೆ ಏರುತ್ತದೆ. ಬರೀ ಅರ್ಧ ಗಂಟೆಯ ಬದಲಾವಣೆಗೆ ಎರಡು ಮೀಟಿಂಗ್ ಬೇಕಾದವು ಎಂದರೆ ನಂಬುತ್ತೀರಾ?

"ಬೇಕೆಂದರೆ" ಎಂಬುದನ್ನು ಹೊಡೆದು, "ಪೇನ್‌ಆಡ್ 4 ಅಥವಾ ಹೆಚ್ಚು ಬಂದರೆ ಕೊಡಿ, ಒಂದು ಗಂಟೆ ಬಿಟ್ಟು ಮತ್ತೆ ಅಳೆಯಿರಿ" ಎಂದು ವೈದ್ಯರು ಬರೆದರು. ಐದು ದಿನದ ಔಷಧ ಉಳಿದಾಗಲೇ ಹೊಸ ಚೀಟಿ ಕೇಳಬೇಕು, ಅದಕ್ಕೆ ರಿಜಿಸ್ಟರಿನ ಉಳಿಕೆಯ ಕಾಲಂನಲ್ಲೇ ಕೆಂಪು ಗೆರೆ. ಹಾಳೆಯ ಅಚ್ಚಾದ ಗಂಟೆ ಹೋಗಿ ಖಾಲಿ ಜಾಗ ಬಂತು. ಹೊಟ್ಟೆಯದ್ದೂ ಹೇಳಬೇಕು. ದಿನವೂ ಕೊಡಬೇಕಿದ್ದ ಮಲಬದ್ಧತೆಯ ಔಷಧವನ್ನೂ "ಬೇಕೆಂದರೆ" ಪಟ್ಟಿಗೆ ಹಾಕಿದ್ದರು. ಅಜ್ಜಿಗೆ ಐದು ದಿನದಿಂದ ಹೊಟ್ಟೆ ಖಾಲಿಯಾಗಿರಲಿಲ್ಲ. ಅದೂ ನೋವೇ.

ಆಮೇಲೆ

ನಾಲ್ಕನೇ ದಿನದ ಬೆಳಗ್ಗೆ ಏಳಕ್ಕೆ ಪೇನ್‌ಆಡ್ 3. ಎರಡನೇ ವಾರ 2. ಹಿಡಿದುಕೊಳ್ಳುವವರು ನಾಲ್ಕರಿಂದ ಇಬ್ಬರಿಗೆ ಇಳಿದರು. ಅಜ್ಜಿ ಪೂರ್ತಿ ಸಾಧು ಆದರು ಎನ್ನಲಾರೆ. ತಲೆಗೆ ನೀರು ಹಾಕಿದರೆ ಈಗಲೂ ಬೈಯುತ್ತಾರೆ. ಅದು ನೋವಲ್ಲ, ಅವರಿಗೆ ಮೊದಲಿಂದಲೂ ಇಷ್ಟವಿಲ್ಲವಂತೆ, ಮಗಳು ನಕ್ಕು ಹೇಳಿದರು. ಮಂಪರಿನ ಮಾತ್ರೆಯನ್ನು ವೈದ್ಯರು ಹಂತ ಹಂತವಾಗಿ ಇಳಿಸಿ ನಿಲ್ಲಿಸಿದರು. ಮಾರ್ಫಿನ್ ದಿನಕ್ಕೆ 30ರಲ್ಲೇ ಉಳಿಯಿತು. ಏರಿಸುವ ಚೀಟಿ ಬೇಕಾಗಲೇ ಇಲ್ಲ. ಹೆಚ್ಚುವರಿ ಪಾಲು ಮೊದಲ ವಾರ ಆರು ಸಲ ಬೇಕಾಯಿತು, ಮೂರನೇ ವಾರ ಒಂದು ಸಲ.

ಮೂರನೇ ವಾರದಲ್ಲೇ ಒಂದು ದಿನ ಎಡವಿದರು. ಭಾನುವಾರ ಬದಲಿ ಸಿಸ್ಟರ್ ಬಂದಿದ್ದರು. ಅಜ್ಜಿಯ ಪಾಲಿನ ಹೊತ್ತಿಗೆಂದು ಇಟ್ಟಿದ್ದ ಅಲಾರಂ ಯಾಕೆ ಹೊಡೆಯುತ್ತಿದೆ ಎಂದು ಗೊತ್ತಿರಲಿಲ್ಲ, ಆರಿಸಿದರು. 10 ಗಂಟೆಯ ಪಾಲು ಹೋದದ್ದು 11:15ಕ್ಕೆ. ಹಾಳೆಯಲ್ಲಿ 11:15 ಎಂದೇ ಬರೆದಿತ್ತು, ಪಕ್ಕದಲ್ಲಿ ಕಾರಣವೂ ಇತ್ತು. ಮ್ಯಾನೇಜರ್ ಬೇಜಾರು ಮಾಡಿಕೊಂಡು ಅದನ್ನು ನನಗೆ ತೋರಿಸಿದರು. ನನಗಂತೂ ಆ ಕೇಂದ್ರದಲ್ಲಿ ನಾನು ಕಂಡ ಮೊದಲ ನಿಜವಾದ ತಡ ಅದು. ಆ ಸಿಸ್ಟರ್‌ಗೆ ಯಾರೂ ಏನೂ ಅನ್ನಬಾರದೆಂದು ಕೇಳಿಕೊಂಡೆ. ಅಲಾರಂ ಮೇಲೆ ಈಗ "14, ಮಾರ್ಫಿನ್" ಎಂದು ಚೀಟಿ ಅಂಟಿಸಿದ್ದಾರೆ.

ಬೆಳಗಿನ ಸಿಸ್ಟರ್ ಕಳೆದ ವಾರ ಫೋನ್ ಮಾಡಿದ್ದರು. 1ನೇ ಕೋಣೆಯ ಅಜ್ಜನಿಗೆ ಕೈಕಾಲು ಬಿಗಿಯುವ ಪಾರ್ಕಿನ್ಸನ್ ಕಾಯಿಲೆ, ಅದಕ್ಕೆ ಹೊತ್ತಿಗೆ ಸರಿಯಾಗಿ ಕೊಡಬೇಕಾದ ಲೆವೊಡೋಪ ಮಾತ್ರೆ. ಬೆಳಗ್ಗೆ ಟ್ರಾಲಿ ಅವರಿಂದಲೇ ಶುರುವಾಗುವುದರಿಂದ ಆಗ ಅವರಿಗೆ ಎಂದೂ ತಡವಾಗಿಲ್ಲ. ಆದರೆ ಹೊಸ ಹಾಳೆಯಲ್ಲಿ ನಿಜವಾದ ಗಂಟೆ ಬರೆಯಲು ಶುರು ಮಾಡಿದ ಮೇಲೆ ಗೊತ್ತಾಯಿತಂತೆ, ಸಂಜೆ ಟ್ರಾಲಿ ಆ ಕಡೆಯಿಂದ ಬರುತ್ತದಲ್ಲ, ಅವರಿಗೆ ಸಂಜೆ 4ರ ಮಾತ್ರೆ ಸಿಗುವುದು ಐದೂವರೆಗೆ. "ದಿನಾ ಐದು ಗಂಟೆಗೆ ಕೈಕಾಲು ಹಿಡಿದುಕೊಳ್ಳುತ್ತೆ ಅಂತಿದ್ರು ಮೇಡಂ. ವಯಸ್ಸಾಯ್ತು ಅಂದುಕೊಂಡಿದ್ವಿ." ಬುಧವಾರ ಹೋಗುತ್ತಿದ್ದೇನೆ. ಕುರ್ಚಿ ಈ ಸಲ 1ನೇ ಕೋಣೆಯಲ್ಲಿ.